ಬದಲಿಗೆ ಒಬ್ಬರು

ಇಚಲಕರಂಜಿಯ ಶಾಲೆಯಲ್ಲಿ ನನಗೆ ಮೊದಲು ಚಹಾ ಕೊಡಲಿಲ್ಲ, ಕಡತ ಕೇಳಿದರು. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಬಿ.ಎಡ್. ಪದವಿಯವರೆಗಿನ ಮೂಲ ಪ್ರಮಾಣಪತ್ರಗಳನ್ನು ಹೆಡ್‌ಸರ್ ಒಂದೊಂದಾಗಿ ನೋಡಿದರು, ಕಬ್ಬಿಣದ ಕಪಾಟಿನೊಳಗಿಟ್ಟು ಕೀಲಿ ಹಾಕಿದರು.

"ಓರಿಜಿನಲ್ ಇಥೇಚ್ ರಾಹತೀಲ, ಬಾಯಿ. ಕಾಳ್ಜಿ ಕರೂ ನಕಾ."

ಮೂಲ ಕಾಗದಗಳು ಇಲ್ಲಿಯೇ ಇರುತ್ತವೆ, ಚಿಂತೆ ಬೇಡ ಎಂದರ್ಥ. ಮೂರು ವರ್ಷ ಶಾಲೆ ಬಿಡುವುದಿಲ್ಲ ಎಂಬ ಮುಚ್ಚಳಿಕೆಗೂ ಸಹಿ ಮಾಡಿದೆ. ಸಿಂದಗಿಯಲ್ಲಿ ಐದು ವರ್ಷ ನೇಮಕಾತಿಗೆ ಕಾದು ಕೂತಿದ್ದ ನನಗೆ ಅದು ಕಟ್ಟುಪಾಡು ಅನ್ನಿಸಲಿಲ್ಲ. ಮೂರು ವರ್ಷ ಕೆಲಸ ಖಾತ್ರಿಯಾಯಿತು ಅನ್ನಿಸಿತು. ಚಹಾ ಆಮೇಲೆ ಬಂತು.

ಕೋಣೆ ಸಿಕ್ಕಿದ್ದು ಮಗ್ಗದ ಶೆಡ್ಡಿನ ಮೇಲೆ. ಕೆಳಗೆ ವಿದ್ಯುತ್ ಮಗ್ಗಗಳು ಓಡುತ್ತಿದ್ದರೆ ಲೋಟದಲ್ಲಿನ ನೀರು ನಡುಗುತ್ತಲೇ ಇರುತ್ತಿತ್ತು. ಊರಿನಲ್ಲಿ ಶಿಕ್ಷಕಿ ಎಂದರೆ ಅಕ್ಕೋರ, ಇಲ್ಲಿ ಬಾಯಿ. ನಮ್ಮ ರೊಟ್ಟಿ ಇಲ್ಲಿ ಭಾಕರಿ. ಜೋಳ ಅದೇ, ಬಡಿಯುವ ಕೈ ಬೇರೆ. ವಿಜ್ಞಾನದ ಪಾಠವನ್ನು ಇಂಗ್ಲಿಷಿನಲ್ಲಿ ಮಾಡಬೇಕು, ಮಕ್ಕಳನ್ನು ಮರಾಠಿಯಲ್ಲಿ ಬೈಯಬೇಕು. ಸಿಟ್ಟು ಮಾತ್ರ ಕನ್ನಡದಲ್ಲೇ ಬರುತ್ತಿತ್ತು.

"ನಿನ್ನ ಮರಾಠಿ ಕೇಳಿ ಮಕ್ಕಳು ಕನ್ನಡ ಕಲ್ಯಾಕತ್ತಾವ ನೋಡವಾ," ಎಂದು ಪದ್ಮಕ್ಕ ನಗುತ್ತಿದ್ದರು. ಅವರು ಮರಾಠಿ ಕಲಿಸುವವರು. ಉದಗಾಂವದ ಜೈನ ಒಕ್ಕಲು ಮನೆತನ, ಮನೆಮಾತು ಕನ್ನಡ. ಮೊದಲ ಮಳೆಗಾಲದಲ್ಲಿ ನಾನು ಯಾರ ಜೊತೆಯೂ ಮಾತಾಡದೆ ಡಬ್ಬಿ ತೆರೆಯುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತವರು ಅವರೊಬ್ಬರೇ.

ಒಮ್ಮೆ ಘರ್ಷಣೆಯ ಪಾಠ ಮಕ್ಕಳ ತಲೆಗೆ ಹೋಗಲಿಲ್ಲ. ಹುಡುಗಿಯೊಬ್ಬಳಿಗೆ ಅವಳಪ್ಪನ ಮಗ್ಗದ ಸವೆದ ಪಟ್ಟಾ, ಅಂದರೆ ಬೆಲ್ಟು, ತರಲು ಹೇಳಿದೆ. ಪಟ್ಟಾ ಯಾಕೆ ಜಾರುತ್ತದೆ ಎಂದು ಅವಳೇ ಎದ್ದು ನಿಂತು ಮರಾಠಿಯಲ್ಲಿ ವಿವರಿಸಿದಳು. ಅವತ್ತು ಇಡೀ ತರಗತಿಗೆ ಪಾಠ ತಿಳಿಯಿತು. ಸಂಜೆ ಕೋಣೆಗೆ ನಡೆದು ಹೋಗುವಾಗ ಈ ಊರು ನನ್ನದಾಗಬಹುದು ಅನ್ನಿಸಿತು. ಅಂಥ ದಿನಗಳೂ ಇದ್ದವು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಎರಡನೆಯ ವರ್ಷ ದೀಪಾವಳಿಯಾದ ಮೇಲೆ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರ ತಾತ್ಕಾಲಿಕ ಆಯ್ಕೆಪಟ್ಟಿ ಬಂತು. ನನ್ನ ಹೆಸರಿತ್ತು. ಹದಿನೈದು ದಿನದೊಳಗೆ ವಿಜಯಪುರಕ್ಕೆ ಹೋಗಿ ಮೂಲ ಪ್ರಮಾಣಪತ್ರ ತೋರಿಸಬೇಕು, ಝೆರಾಕ್ಸ್ ನಡೆಯುವುದಿಲ್ಲ. ಎರಡು ದಿನದ ಮಟ್ಟಿಗೆ ಕೊಡಿ ಎಂದು ಹೆಡ್‌ಸರ್ ಅವರನ್ನು ಕೇಳಿದೆ. ಅವರು ಕೆಟ್ಟವರಲ್ಲ. ಕಿಟಕಿಯ ಕಡೆ ನೋಡುತ್ತ ತಮಗೆ ಬರುವ ಕನ್ನಡದಲ್ಲಿ ಮಾತಾಡಿದರು.

"ನಿಮಗಿಂತ ಮೊದಲ ಇಬ್ಬರು ಹಿಂಗ ಎರಡ ದಿವಸ ಅಂತ ಒಯ್ದ್ರು, ಬಾಯಿ. ತಿರುಗಿ ಬರಲಿಲ್ಲ. ದಹಾವೀಚ್ಯಾ ಪೋರಾಂಚ ಕಾಯ್?" ಹತ್ತನೆಯ ತರಗತಿಯ ಮಕ್ಕಳ ಗತಿ ಏನು ಎಂದು. "ಬದಲಿಗೆ ಒಬ್ಬರನ್ನ ಕೊಡ್ರಿ, ಫೈಲ್ ಒಯ್ರಿ."

ಪದ್ಮಕ್ಕನಿಗೆ ಇದನ್ನು ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು.

"ಗೊತ್ತಿಲ್ಲೇನ ನಿನಗ? ಸುವರ್ಣಾ ನಿನ್ನ ಯಾಕ ಕರ್ಕೊಂಡ ಬಂದ್ಲು ಅಂತ ತಿಳಿದಿ?"

ಸುವರ್ಣಾ ಬಿ.ಎಡ್.ನಲ್ಲಿ ನನಗಿಂತ ಎರಡು ವರ್ಷ ಹಿರಿಯಳು. ಇಚಲಕರಂಜಿಯಲ್ಲಿ ತಾನು ಕಲಿಸುವ ಶಾಲೆ ಭಾಳ ಚಲೋ ಇದೆ, ಬಾ ಎಂದಿದ್ದಳು. ನಾನು ಸೇರಿದ ಮರುವಾರ ಗಡಹಿಂಗ್ಲಜದ ಶಾಲೆಯೊಂದಕ್ಕೆ ಹೋದಳು. ಒಳ್ಳೆಯದಾಯಿತು ಎಂದು ನಾನೇ ಅವಳಿಗೆ ಪೇಢೆ ತಿನ್ನಿಸಿದ್ದೆ.

ಎಂಟು ದಿನ ಯಾರಿಗೂ ಫೋನ್ ಮಾಡಲಿಲ್ಲ. ಒಂಬತ್ತನೆಯ ದಿನ ಇಂಡಿ ಊರಿನ ಲಕ್ಷ್ಮಿಗೆ ಮಾಡಿದೆ. ಅದೇ ಕಾಲೇಜಿನವಳು, ನನಗಿಂತ ಚಿಕ್ಕವಳು. ಸುವರ್ಣಾ ಹೇಳದ್ದನ್ನೆಲ್ಲ ಹೇಳಿದೆ: ಕಪಾಟು, ಮುಚ್ಚಳಿಕೆ, ನಿನ್ನ ಕಡತ ಒಳಗೆ ಹೋದರೆ ನನ್ನದು ಹೊರಗೆ ಬರುತ್ತದೆ ಎಂಬುದು ಕೂಡ.

"ಅಕ್ಕಾ, ಇಲ್ಲೀನೂ ನನ್ನ ಕಾಗದಾ ಟ್ರಂಕಿನಾಗ ಬಿದ್ದಾವ್ರಿ. ಅಲ್ಲಿ ಕಪಾಟಿನಾಗ ಇರ್ತಾವ. ಏನ್ ಫರಕ್ ಐತಿ?"

ಫರಕು ನನಗೆ ಗೊತ್ತಿತ್ತು. ಟ್ರಂಕಿನ ಕೀಲಿ ಅವಳ ಅವ್ವನ ಹತ್ತಿರ ಇರುತ್ತದೆ, ಕೇಳಿದರೆ ಕೊಡುತ್ತಾಳೆ. ಅದೊಂದನ್ನು ಹೇಳಲಿಲ್ಲ.

ಲಕ್ಷ್ಮಿ ಬಂದ ದಿನ ಮರಾಠಿ ಮುಚ್ಚಳಿಕೆಯನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಾಲೂ ಬಿಡದೆ, ನಿಧಾನವಾಗಿ ಓದಿದೆ. ಲಕ್ಷ್ಮಿ ಪೆನ್ನು ಹಿಡಿದು ನನ್ನನ್ನು ನೋಡಿದಳು.

"ಮಾಡ್ಲೇನ್ರಿ ಅಕ್ಕಾ?"

"ನಾನೂ ಮಾಡಿದ್ದೆ," ಎಂದೆ.

ಅವಳು ಸಹಿ ಮಾಡಿದಳು. ಕಪಾಟು ಒಮ್ಮೆಯೇ ತೆರೆಯಿತು. ಒಂದು ಕಡತ ಒಳಗೆ ಹೋಯಿತು, ಒಂದು ಹೊರಗೆ ಬಂತು.

ವಿಜಯಪುರದಲ್ಲಿ ಪರಿಶೀಲನೆ ಅರ್ಧ ಗಂಟೆಯಲ್ಲಿ ಮುಗಿಯಿತು. ಅಂತಿಮ ಪಟ್ಟಿ ಇನ್ನೂ ಬಂದಿಲ್ಲ, ಯಾವಾಗ ಬರುತ್ತದೆಂದು ಯಾರೂ ಹೇಳುವುದಿಲ್ಲ. ಸಿಂದಗಿಯ ಮನೆಯಲ್ಲಿ ಇಪ್ಪತ್ತು ದಿನ ಇದ್ದೆ. ಮಗ್ಗದ ಸದ್ದಿಲ್ಲದೆ ನಿದ್ದೆ ಹತ್ತಲಿಲ್ಲ. ಅವ್ವನ ಜೊತೆ ಮಾತಾಡುವಾಗ ನಡುನಡುವೆ ಮರಾಠಿ ಬಂದರೆ ಅವಳು ಕೆಲಸ ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ಮತ್ತೆ ಇಚಲಕರಂಜಿಗೇ ಬಂದೆ. ಈಗ ಅದೇ ಶಾಲೆಯಲ್ಲಿ ಕೆಳಗಿನ ತರಗತಿಗಳಿಗೆ ತಾಸಿನ ಲೆಕ್ಕದಲ್ಲಿ ಪಾಠ ಮಾಡುತ್ತೇನೆ. ಅದಕ್ಕೆ ಯಾರೂ ಮೂಲ ಕಾಗದ ಕೇಳುವುದಿಲ್ಲ. ಕಡತ ನನ್ನ ಹತ್ತಿರವೇ ಇದೆ, ಎಲ್ಲಿಗೆ ಬೇಕಾದರೂ ಹೋಗಬಹುದು. ಎಲ್ಲಿಗೆ ಎಂಬುದು ಮಾತ್ರ ತಿಳಿಯದು. ಲಕ್ಷ್ಮಿ ನನ್ನ ಕೋಣೆಯಲ್ಲಿಯೇ ಇದ್ದಾಳೆ.

ಕಳೆದ ರವಿವಾರ ಭಾಕರಿ ಬಡಿಯುತ್ತ ಅವಳೆಂದಳು, "ಅಕ್ಕಾ, ಇಂಡ್ಯಾಗ ಅತಿಥಿ ಶಿಕ್ಷಕಿ ಜಾಗಾ ಖಾಲಿ ಆಗೇತಂತ್ರಿ, ಅವ್ವನ ಮನಿ ಹಂತೇಕ. ನನ್ನ ಬದಲಿಗೆ ಅಂದ್ರ ನಮ್ಮ ಬ್ಯಾಚಿನಾಗ ಒಬ್ಬಾಕಿ ಖಾಲಿ ಕುಂತಾಳ, ಭಾಳ ಶಾಣ್ಯಾಕಿ. ಫೋನ್ ಹಚ್ಚಲೇನ್ರಿ?"

"ಹಚ್ಚಿದರ ಮೊದಲ ಎಲ್ಲಾ ಹೇಳು ಆಕಿಗೆ," ಎಂದೆ.

ಲಕ್ಷ್ಮಿ ಕೈಗೆ ಅಂಟಿದ ಹಿಟ್ಟನ್ನು ತಿಕ್ಕಿ ತೆಗೆಯುತ್ತ ಹೇಳಿದಳು, "ಹೇಳ್ತೀನ್ರಿ. ನೀವೂ ನನಗ ಎಲ್ಲಾ ಹೇಳಿದ್ರಲ್ಲ."