ಖಾರ ನೀರು

ಭಾಲ್ಕಿಗೆ ಬಂದ ಮಾರನೆಯ ಬೆಳಿಗ್ಗೆ ಚಹಾಕ್ಕೆ ಬೆಲ್ಲ ಕೇಳಿದೆ. ಅತ್ತೆ ಒಂದು ದೊಡ್ಡ ಅಚ್ಚನ್ನೂ ಅದನ್ನು ಒಡೆಯಲು ಒಂದು ಕಲ್ಲುಗುಂಡನ್ನೂ ತಂದು ಮುಂದಿಟ್ಟರು. ನಾನು ಕಲ್ಲನ್ನೇ ನೋಡುತ್ತ ಕುಳಿತೆ. ನಮ್ಮ ಅಂಕೋಲೆ ಕಡೆ ಬೆಲ್ಲ ಒಡೆಯುವುದಲ್ಲ, ಸುರಿಯುವುದು. ಕೊಡದಲ್ಲಿ ಜೇನಿನ ಹಾಗೆ ಇರುವ ಜೋನಿ ಬೆಲ್ಲವನ್ನು ಸೌಟಿನಿಂದ ದೋಸೆಯ ಮೇಲೆ ಬಿಟ್ಟುಕೊಳ್ಳುತ್ತೇವೆ. ಅದನ್ನು ಹೇಳಿದರೆ ಅತ್ತೆ ಮರುಕದಿಂದ, ಪಾಕ ಕೆಟ್ಟ ಬೆಲ್ಲ ತಿಂದು ಬೆಳೆದಾಳ ಪಾಪ, ಅಂದರು.

ಹೆದ್ದಾರಿ ಅಗಲ ಮಾಡುವಾಗ ರೋಲರ್ ಓಡಿಸಲು ನಮ್ಮೂರಿಗೆ ಬಂದವನನ್ನು ನಾನು ಮದುವೆಯಾದೆ. ರಸ್ತೆ ಮುಗಿಯಿತು, ಅವನ ಊರಿಗೆ ಬಂದೆವು. ಇಲ್ಲಿ ಹಂಚಿಲ್ಲ, ಸಪಾಟು ಮಣ್ಣಿನ ಮಾಳಿಗೆಯ ಮನೆ. ಮೀನಿಲ್ಲ, ರೊಟ್ಟಿ ಮತ್ತು ಪುಂಡಿಪಲ್ಯೆ. ಪ್ರತಿ ಮಾತಿಗೂ ‘ರಿ’ ಹಚ್ಚದಿದ್ದರೆ ಸೊಕ್ಕಿನ ಸೊಸೆ. ನನಗೋ ಒಂದು ಕಡೆ ಕುಳಿತು ಅಭ್ಯಾಸವಿಲ್ಲ. ನೆಪ ಸಿಕ್ಕರೆ ಬಸ್ ಹತ್ತುತ್ತಿದ್ದೆ. ಬೀದರಿಗೆ ಹೋಗಿ ಕೋಟೆಯ ಗೋಡೆಯ ಮೇಲೆ ನಿಂತು ತಗ್ಗಿನ ಬಯಲನ್ನು ನೋಡಿದೆ; ಅಷ್ಟು ದೂರ ಕಣ್ಣು ಹಾಯಿಸಿದರೂ ಕೊನೆಗೆ ನೀರು ಕಾಣದಿರುವುದು ನನಗೆ ಸಿಟ್ಟು ತರಿಸಿತು. ಸಂತಪುರದ ಕಡೆಗೂ ಹೋದೆ. ಅಲ್ಲಿ ತೊಗರಿ, ಉದ್ದು, ಕುರಿಮಂದೆ. ಭಾಲ್ಕಿಯಲ್ಲಾದರೂ ಕಬ್ಬಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಮರಳಿದೆ.

ಇಲ್ಲಿಯ ಕಬ್ಬು ಬಾವಿ ನೀರು ಕುಡಿದು ಕಾರ್ಖಾನೆಗೆ ಹೋಗುತ್ತದೆ. ನಮ್ಮೂರಿನದು ಬೇರೆಯೇ ಸಂಸಾರ. ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ, ಉಪ್ಪುನೀರಿಗೆ ಅಡ್ಡವಾಗಿ ಹಿರಿಯರು ಮಣ್ಣಿನ ಕಟ್ಟೆ ಕಟ್ಟಿದರು. ಕಟ್ಟೆಯ ಒಳಗಿನ ತಗ್ಗು ಗಜನಿ. ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಅದಕ್ಕೂ ಒಳಗೆ, ಮರಳು ಬೆರೆತ ಗದ್ದೆಯಲ್ಲಿ ಕೆಂಪು ಕಬ್ಬು. ಅಜ್ಜನ ಕಾಲದಲ್ಲಿ ಆಲೆಮನೆಯ ಜೋನಿ ಕೊಡಗಳು ಹಾಯಿಯ ಮಚವೆ ದೋಣಿಯಲ್ಲಿ ಮುಂಬೈಗೆ ಹೋಗುತ್ತಿದ್ದವಂತೆ. ಮಚವೆ ನಿಂತವು, ಆಲೆಮನೆಗಳು ಒಂದೊಂದಾಗಿ ಆರಿದವು. ಕೊನೆಗೆ ಆ ಕಬ್ಬು ಉಳಿದದ್ದು ನನ್ನ ಅಣ್ಣನ ಗದ್ದೆಯಲ್ಲಿ ಮಾತ್ರ. ಬರುವಾಗ ಕೆಲವು ತುಂಡು ತಂದು ಇಲ್ಲಿಯ ಹೊಲದ ಬಾವಿಯ ಪಕ್ಕ ನೆಟ್ಟಿದ್ದೆ. ಹಟಕ್ಕೆ ಬಿದ್ದವರ ಹಾಗೆ ಬೆಳೆದವು.

ಈ ವರ್ಷ ಅಣ್ಣನ ಫೋನ್ ಬಂತು. ಕಟ್ಟೆ ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿತ್ತು. ಕಬ್ಬಿನ ಬೀಜಕ್ಕೆಂದು ಒಂದು ತುಂಡೂ ಉಳಿದಿಲ್ಲ ಎಂದ. ಅಂದರೆ ನಮ್ಮೂರ ಕಬ್ಬು ಈಗ ಭೂಮಿಯ ಮೇಲೆ ಉಳಿದದ್ದು ಭಾಲ್ಕಿಯ ಬಾವಿಯ ಪಕ್ಕ ಮಾತ್ರ. ಕಬ್ಬು ಕಡಿಯುವ ಟೋಳಿ ಎರಡೇ ದಿನಗಳಲ್ಲಿ ನಮ್ಮ ಹೊಲಕ್ಕೆ ಬರುವುದಿತ್ತು. ಹೊಲದ್ದೆಲ್ಲ ಕಡಿದು ಲಾರಿಗೆ ಹೇರುವವರು ಅವರು.

ಉಪ್ಪುನೀರಿಗೆ ನಮ್ಮ ಕಡೆ ಖಾರ ನೀರು ಅನ್ನುತ್ತೇವೆ, ನೆರೆಯ ಕೊಂಕಣಿಯಿಂದ ಬಂದ ಮಾತು. ಅದೇ ಮಾತು ಬಾಯಿಗೆ ಬಂತು. “ಅಣ್ಣನ ಗದ್ದೆಗೆಲ್ಲ ಖಾರ ನೀರು ಆಯ್ತಂತೆ, ಅತ್ತೆ,” ಅಂದೆ.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. “ಚಲೋ ಆತು ಬಿಡು. ಹುಳಾ ಎಲ್ಲಾ ಸಾಯ್ತಾವ.”

ನನ್ನ ಮೈ ಉರಿದುಹೋಯಿತು. ನನ್ನ ತವರಿನವರು ಹುಳಗಳೇ? ಎಂಥ ಕಲ್ಲೆದೆಯ ಹೆಂಗಸು ಎಂದುಕೊಂಡು ಎದ್ದು ಬಂದೆ. ಆಮೇಲೆ ಗಂಡನ ಜೊತೆಗೂ ಮಾತಿಲ್ಲ. ಬಾವಿಯ ಪಕ್ಕದ ಕಬ್ಬನ್ನು ಉಳಿಸಿ ಎಂದು ಇವರ ಮುಂದೆ ಕೈಯೊಡ್ಡುವುದೇ ಬೇಡ, ನಾನೇ ಕತ್ತಿ ತಗೊಂಡು ಹೋಗಿ ಬೀಜಕ್ಕೆ ಕಡಿದು ತವರಿಗೆ ಒಯ್ಯುತ್ತೇನೆ ಎಂದು ನಿರ್ಧರಿಸಿದೆ. ಒಳಗೊಳಗೇ ಬಟ್ಟೆ ಕಟ್ಟಿಯೂ ಆಗಿತ್ತು.

ಮರುದಿನ ಪಕ್ಕದ ಮನೆಯ ಖಾಲಾ ಹಾಲು ಒಯ್ಯಲು ಬಂದಳು. ಬಳೆ ವ್ಯಾಪಾರದವಳು, ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ನನ್ನ ಬಾತ ಕಣ್ಣು ನೋಡಿ ಏನಾಯಿತೆಂದು ಕೇಳಿದಳು. ಖಾರ ನೀರು ಎಂದು ಹೇಳಿದ್ದೇ ತಡ, ಪಾತ್ರೆ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಮಾತಿನಲ್ಲೂ ಖಾರಾ ಪಾನಿ ಅಂದರೆ ಉಪ್ಪುನೀರೇ.

“ಅಕ್ಕಾ, ಇದು ಮೆಣಸಿನಕಾಯಿ ಖಾರ ಅಲ್ರಿ,” ಎಂದು ಅತ್ತೆಯ ಕಡೆ ತಿರುಗಿದಳು. “ದರ್ಯಾದ ನೀರು ಹೊಕ್ಕಾದ. ಭೂಮಿನೇ ಸತ್ತೋತು.”

ದರ್ಯಾ ಅಂದರೆ ಸಮುದ್ರ. ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ನಿಂತರು. ಇಲ್ಲಿಯವರು ಹುಳಕ್ಕೆ ಮೆಣಸಿನಕಾಯಿ ಅರೆದ ನೀರು ಸಿಂಪಡಿಸುತ್ತಾರೆ. ಅಣ್ಣ ಬೆಳೆಗೆ ಔಷಧಿ ಹೊಡೆದ ಸುದ್ದಿ ಹೇಳುತ್ತಿದ್ದೇನೆಂದು ಅವರು ತಿಳಿದಿದ್ದರು. ಅದಕ್ಕೆ ಸೊಸೆ ಎರಡು ಹೊತ್ತು ಊಟ ಬಿಟ್ಟದ್ದು ಯಾಕೆಂದು ಅವರಿಗೂ ತಿಳಿಯದೆ ತಲೆ ಕೆಟ್ಟಿತ್ತಂತೆ. ನನಗೆ ನಗುವೂ ಬಂತು, ಅಳುವೂ ಬಂತು. ಆ ಕಬ್ಬು ಇನ್ನು ನಮ್ಮ ಬಾವಿಯ ಪಕ್ಕ ಮಾತ್ರ ಉಳಿದಿದೆ ಎಂದು ಹೇಳಿದೆ. ಅತ್ತೆ ನನ್ನನ್ನು ಸಮಾಧಾನ ಮಾಡಲಿಲ್ಲ. ಸೀದಾ ಹೊಲಕ್ಕೆ ನಡೆದರು. ಟೋಳಿ ಬಂದ ದಿನ ಬಾವಿಯ ಕಟ್ಟೆಯ ಮೇಲೇ ಕುಳಿತು, ಆ ಸಾಲಿಗೆ ಯಾರೂ ಕತ್ತಿ ಹಚ್ಚದಂತೆ ಕಾದರು.

ಗಂಡ ಬೀಜದ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿಕೊಟ್ಟ. ಬಸ್ ನಿಲ್ದಾಣಕ್ಕೆ ಅತ್ತೆಯೂ ಬಂದರು. ನಾನು ಹೊಸದಾಗಿ ಕಲಿತ ಮರ್ಯಾದೆಯಲ್ಲಿ, “ಹೋಗ್ತೇನ್ರಿ,” ಅಂದೆ. ಅವರ ಮುಖ ಸಣ್ಣದಾಯಿತು.

“ಹೋಗ್ತೇನಿ ಅನಬಾರ್ದು. ಬರ್ತೇನಿ ಅನು. ಬೀಜದ ಜೋಡಿ ನೀನೂ ಅಲ್ಲೇ ಬೇರ್ ಬಿಡಬ್ಯಾಡವ್ವ.”

ಬರ್ತೇನಿ ಅಂದೆ.

ಅಣ್ಣ ಉಪ್ಪು ತಾಗದ ಮೇಲಿನ ಮಕ್ಕಿ ಗದ್ದೆಯಲ್ಲಿ ಬೀಜ ನೆಟ್ಟ. ಕಬ್ಬಿನ ಕಣ್ಣು ಒಡೆಯುವವರೆಗೆ ಇರು ಅಂದ, ಇದ್ದೆ. ಮೀನು ತಿಂದೆ, ಸಮುದ್ರ ನೋಡಿದೆ. ನಾಲ್ಕು ದಿನಕ್ಕೆಲ್ಲ ಜೋಳದ ರೊಟ್ಟಿ ನೆನಪಾಗಿ ಕಾಲು ನಿಲ್ಲದಾಯಿತು. ಅತ್ತಿಗೆಗೆ ‘ಉಪ್ಪು ಕೊಡ್ರಿ’ ಅಂದು ನಗೆಪಾಟಲಾದೆ. ಮೊಳಕೆ ಹೊರಬಂದ ದಿನ ಅಣ್ಣ ಗದ್ದೆಯ ಅಂಚಿನಲ್ಲಿ ಕುಳಿತು ಕಣ್ಣು ಒರೆಸಿಕೊಂಡ. ಇಲ್ಲೇ ಇದ್ದುಬಿಡಬಾರದೇ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಗೊತ್ತಿಲ್ಲ.

ಹೊರಡುವಾಗ ಅವನಿಗೂ ಬರ್ತೇನೆ ಎಂದೇ ಹೇಳಿ ಬಸ್ ಹತ್ತಿದೆ. ಎರಡೂ ಮನೆಯಲ್ಲಿ ಆ ಮಾತನ್ನು ನಂಬಿ ಕಾಯುವವರಿದ್ದಾರೆ. ಯಾರ ಮುಂದೆಯೂ ‘ಇನ್ನು ಹೋಗುವುದಿಲ್ಲ, ಬಂದುಬಿಟ್ಟೆ’ ಅನ್ನಲು ನನಗೆ ಇನ್ನೂ ಆಗಿಲ್ಲ.