ಅಳವಂಡಿ ಮನಿ, ಬೇವೂರಿನ ರಕ್ತ

ನಮ್ಮ ಅಳವಂಡಿ ಮನ್ಯಾಗ ದತ್ತಕ ಅನ್ನೋ ಮಾತು ಎತ್ತೂವಂಗ ಇರಲಿಲ್ಲ. ನಮ್ಮಪ್ಪ ಹುಟ್ಟಿದ್ದು ಬೇವೂರಾಗ, ಕೂಸಿದ್ದಾಗನ ಅಳವಂಡಿಗೆ ದತ್ತಕ ಬಂದಾಂವ. ತಗೊಂಡಾಕಿ ನಮ್ಮ ಆಯಿ. ಅಪ್ಪನ್ನ ಬೆಳೆಸಿ, ಲಗ್ನ ಮಾಡಿ, ಆಮ್ಯಾಲೆ ನನ್ನನ್ನೂ ನನ್ನ ತಮ್ಮನ್ನೂ ಎತ್ತಿ ಆಡಿಸಿದಾಕಿ. ಊರಾಗ ಯಾರರ ಬಾಯಿ ತಪ್ಪಿ ಆ ಮಾತು ಆಡಿದ್ರ ಆಕಿ ಅವರ ಮನಿ ನೀರು ಸೈತ ಮುಟ್ಟತಿರಲಿಲ್ಲ. ಬೇವೂರಿನವರು ಲಗ್ನಕ್ಕ ಬರ್ತಿದ್ರು, ಉಂಡು ಹೋಗ್ತಿದ್ರು, ಅಷ್ಟ.

1999ರಾಗ ಅಪ್ಪಗ ದೊಡ್ಡ ಕರುಳಿನ ಕ್ಯಾನ್ಸರ್ ಆತು. ಐವತ್ತೂ ತುಂಬಿರಲಿಲ್ಲ. ಹುಬ್ಬಳ್ಳಿ ಡಾಕ್ಟ್ರು, ‘ನಿಮ್ಮ ಮನೆತನದಾಗ ಯಾರಿಗರ ಈ ಬ್ಯಾನಿ ಇತ್ತೇನ್ರಿ?’ ಅಂತ ಕೇಳಿದ್ರು. ಅಪ್ಪ ಹಾಸಿಗ್ಯಾಗ ಎದ್ದು ಕುಂತು, ‘ಇಲ್ರಿ, ನಮ್ಮೋರೆಲ್ಲಾ ತೊಂಬತ್ತು ದಾಟಿದವರ,’ ಅಂದ. ಅಳವಂಡಿ ಮುತ್ಯಾಗಳ ಲೆಕ್ಕ ಹೇಳಿದ್ದ ಅಂವ. ಅಂವಗ ಮನೆತನ ಅಂದ್ರ ಅದ. ಬಾಜೂಕ ನಿಂತಿದ್ದ ಆಯಿನೂ ಹೌದಂದ್ಲು. ಆ ವರ್ಷನ ಅಪ್ಪ ಹೋದ.

ಮುಂದ ನಾನು ಕುಷ್ಟಗಿಯಾಗ ಸಾಲಿ ಟೀಚರ್ ಆದೆ, ತಮ್ಮ ಕೊಪ್ಪಳದಾಗ ಬೀಜ ಗೊಬ್ಬರದ ಅಂಗಡಿ ಇಟ್ಟ. 2015ರಾಗ ಒಂದಿನ ಬೇವೂರಿನ ದೊಡ್ಡಪ್ಪನ ಮಗ ನಮ್ಮನಿಗೆ ಬಂದ. ದೊಡ್ಡಪ್ಪ ಅಂದ್ರ ನಮ್ಮಪ್ಪನ ಒಡಹುಟ್ಟಿದ ಅಣ್ಣ. ಈ ಮಗ ಸೊರಗಿ ಹಂಚಿಕಡ್ಡಿ ಆಗಿದ್ದ.

‘ನನಗೂ ಅದ ಬ್ಯಾನಿ ಬಂದೈತಿ, ತಂಗಿ. ನಮ್ಮಪ್ಪಗೂ ಇತ್ತು, ಮುತ್ಯಾಗೂ ಇತ್ತು. ಮೂಲವ್ಯಾಧಿ ಅನಕೋತ ಕಷಾಯ ಕುಡದು ಕುಂತ್ರು. ನನ್ನ ರಕ್ತ ಬೆಂಗಳೂರಿಗೆ ಕಳಿಸಿ ನೋಡ್ಯಾರ. ಒಂದು ಜೀನ್ ಕೆಟ್ಟೈತಂತ. ಅದು ಹೆತ್ತವರಿಂದ ಮಕ್ಕಳಿಗೆ ಇಳಿತೈತಂತ. ರಕ್ತಸಂಬಂಧದವರಿಗೆಲ್ಲಾ ಹೇಳ್ರಿ ಅಂದಾರ, ಅದಕ್ಕ ಬಂದೆ.’

ತನ್ನ ಜೀವಕ್ಕ ಬಂದಾಗ ನಮ್ಮನ್ನ ನೆನಸಿ ಅಷ್ಟು ದೂರ ಬಂದಿದ್ನಲ್ಲ, ಅವನ ಕಾಲಿಗೆ ಬೀಳಬೇಕು ಅನಿಸ್ತು.

ಅವನ್ನ ನೋಡಿದ ಡಾಕ್ಟ್ರಿಗೆ ಫೋನ್ ಹಚ್ಚಿದೆ. ಆ ಜೀನ್ ಇದ್ದವರಿಗೆಲ್ಲಾ ಬ್ಯಾನಿ ಬಂದ ಬರ್ತೈತಿ ಅಂತಿಲ್ಲ, ಆದ್ರ ಬರೋ ಸಂಭವ ಭಾಳ. ಮೊದಲ ಗೊತ್ತಾದ್ರ ಕರುಳಾಗ ಕ್ಯಾಮೆರಾ ಬಿಟ್ಟು ನೋಡಿ ಗಂಟು ಸಣ್ಣದಿದ್ದಾಗನ ತಗಿಬಹುದು ಅಂದ್ರು. ನನಗ ಅಷ್ಟ ಸಾಕಾತು. ಕೊಪ್ಪಳಕ್ಕ ಹೋಗಿ ತಮ್ಮಗ ಹೇಳಿದ್ರ ಅಂವ ಏನಂದ ಗೊತ್ತೇನು?

‘ನಾವು ಅಳವಂಡಿಯವರು. ಬೇವೂರಿನ ಬ್ಯಾನಿ ನಮಗ್ಯಾಕ ಬರ್ತೈತಿ? ಅಪ್ಪ ದತ್ತಕ ಆದ ದಿನನ ಆ ಸಂಬಂಧ ಹರದೈತಿ.’

‘ಎಲಾ ಶಾಣ್ಯಾ, ಮನಿ ಬದಲಿ ಆದ್ರ ರಕ್ತನೂ ಬದಲಿ ಆಗ್ತೈತೇನೋ?’ ಅಂತ ಅಂಗಡಿ ಮುಂದನ ಬೈದೆ. ಆಮ್ಯಾಲೆ ಅಂವ ಸಣ್ಣ ದನಿ ತಗದ. ‘ಆಯಿಗೆ ಹೆಂಗ ಹೇಳ್ಲಿ, ಅಕ್ಕಾ? ಬೇವೂರಿನ ರಕ್ತ ಅಂದ್ರ ಮುದುಕಿ ಜೀವ ಬಿಡ್ತಾಳ.’

ಅವನಿಗೆ ಆಗಲೇ ಸಂಡಾಸದಾಗ ರಕ್ತ ಹೋಗಾಕತ್ತಿತ್ತು. ಅವನ ಹೆಂಡ್ತಿ ನನ್ನ ಕಿವ್ಯಾಗ ಹೇಳಿದ್ಲು. ಮುದುಕಿ ಮನಸು ನೋಯಬಾರದಂತ ಒಡಹುಟ್ಟಿದವನ್ನ ಕಳಕೊಳ್ಳೂವಾಕಿ ನಾನಲ್ಲ. ಸೀದಾ ಅಳವಂಡಿಗೆ ಹೋಗಿ ಆಯಿ ಮುಂದ ಎಲ್ಲಾ ಹೇಳಿಬಿಟ್ಟೆ. ಆಯಿ ಎಲಿಗೆ ಸುಣ್ಣಾ ಹಚ್ಚಾಕತ್ತಿದ್ಲು, ಅದನ್ನ ಹಂಗ ಬದಿಗಿಟ್ಲು.

‘ನಾನೂ ಬರ್ತೀನಿ,’ ಅಂದ್ಲು.

ಹುಬ್ಬಳ್ಯಾಗ ಡಾಕ್ಟರಮ್ಮ ತಂದಿ ಕಡೆ ಯಾರ್ಯಾರಿಗೆ ಏನೇನಾಗಿತ್ತು ಅಂತ ಕೇಳಿದ್ರು. ತಮ್ಮ ತಲಿ ಬಗ್ಗಿಸಿ ಕುಂತ. ನಾನು ಬಾಯಿ ತಗಿಯೂದ್ರಾಗ ಆಯಿನ ಹೇಳಿದ್ಲು.

‘ಇವರಪ್ಪನ್ನ ನಾನು ಹಡದಿಲ್ರಿ. ಹಡದಾಕಿ ಬೇವೂರಾಕಿ. ನನ್ನ ಕಡಿಂದ ಇವರಿಗೆ ಏನೂ ಬಂದಿಲ್ಲ. ಹಂಗ ಬರಕೋರಿ.’

ಜಲ್ಮದಾಗ ಆ ಮಾತು ಆಕಿ ಬಾಯಾಗ ಕೇಳಿದ್ದು ಅದ ಮೊದಲು.

ನಾನೂ ತಮ್ಮನೂ ಇಬ್ಬರೂ ರಕ್ತ ಕೊಟ್ವಿ. ನನಗ ಆ ಜೀನ್ ಇಲ್ಲಂತ ಬಂತು, ತಮ್ಮಗ ಐತಂತ ಬಂತು. ಕ್ಯಾಮೆರಾ ಬಿಟ್ಟು ನೋಡಿದಾಗ ಎರಡು ಗಂಟು ಸಿಕ್ಕವು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಅಲ್ಲೇ ತಗದ್ರು. ವರ್ಷಾ ವರ್ಷ ಬಂದು ತೋರಿಸ್ಕೋರಿ ಅಂದಾರ, ಇವತ್ತಿಗೂ ಅಂವ ತಪ್ಪಿಸಿಲ್ಲ. ತಪ್ಪಿಸಾಕ ನಾನು ಬಿಡಬೇಕಲ್ಲ!

ಗಂಟು ತಗದ ದಿನ ದವಾಖಾನಿಯಿಂದ ಸೀದಾ ಅಳವಂಡಿಗೆ ಬಂದ್ವಿ. ತಮ್ಮ ಹೊರಸಿನ ಮ್ಯಾಲೆ ಅಡ್ಡಾದ. ಆಯಿ ಅವನ ಹೊಟ್ಟಿ ಮ್ಯಾಲೆ ಕೈ ಆಡಿಸಿದ್ಲು.

‘ತಗದಿದ್ದು ಬೇವೂರಿಂದು,’ ಅಂದ್ಲು. ‘ಉಳದದ್ದೆಲ್ಲಾ ನಂದು.’

ಅಷ್ಟು ದೊಡ್ಡ ಗಂಡಸು, ಆಕಿ ಸೆರಗಿನ್ಯಾಗ ಮುಖ ಹಾಕಿ ಅತ್ತುಬಿಟ್ಟ.