ರಬ್ಬರ್ ಪಟ್ಟಿ ಜಗ್ಗಿದ್ದು

ರಾಮದುರ್ಗದ ಖಾನಾವಳಿಯೊಳಗ ರೊಟ್ಟಿ ಬಡಿಯೋದು ನನ್ನ ಕೆಲಸ. ಒಂದ ವರ್ಷ ಬಲಭುಜ ಹಿಡಕೊಂಡು ಕೈ ಮ್ಯಾಲ ಏಳದಂಗಾತು. "ಲಗೂನ ನೆಟ್ಟಗ ಮಾಡ್ಕೊಂಡು ಬರ್ರಿ, ಇಲ್ಲಂದ್ರ ಬ್ಯಾರೇದಾಕಿನ್ನ ನೋಡತೇನಿ," ಅಂದ ಮಾಲಕ.

ದವಾಖಾನಿಯೊಳಗ ವ್ಯಾಯಾಮ ಕಲಿಸೋ ಹುಡುಗಿ ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಸಿಗಿಸಿ, ಎರಡೂ ತುದಿ ನನ್ನ ಕೈಗೆ ಕೊಟ್ಲು. "ಸಾವಕಾಶ ಜಗ್ರಿ ಅಜ್ಜಿ, ಸಾವಕಾಶ ಬಿಡ್ರಿ."

ನನಗೆಲ್ಲಿ ಸಮಾಧಾನ? ಮಜ್ಜಿಗಿ ಕಡದಂಗ ಸರಸರ ಜಗ್ಗಿದ್ನಿ.

"ಎಷ್ಟ ಜಗ್ಗಿದ್ರೂ ಬೆಣ್ಣಿ ಬರೂದಿಲ್ರಿ ಅಜ್ಜಿ," ಅಂತ ಹುಡುಗಿ ನಕ್ಕು ನನ್ನ ಕೈ ಹಿಡದ್ಲು.

"ಬೆಣ್ಣಿ ಯಾರಿಗೆ ಬೇಕವಾ, ರೊಟ್ಟಿ ಬಡಿಯೋ ಕೈ ಬೇಕಾಗೇತಿ."

"ಅವಸರ ಮಾಡಿದ್ರ ರೊಟ್ಟಿ ಹೊತ್ತೂದಿಲ್ಲೇನ್ರಿ? ಭುಜಾನೂ ಹಂಗ."

ಆಮ್ಯಾಲ ದಿನಾ ಸಾವಕಾಶ ಜಗ್ಗಿದ್ನಿ. ಕೈ ಎದ್ದಿತು, ಕೆಲಸಾನೂ ಉಳೀತು. ಹುಡುಗಿ ಕೊಟ್ಟು ಕಳಿಸಿದ ಪಟ್ಟಿ ಈಗ ಖಾನಾವಳಿ ಕಿಟಕಿಗೆ ಐತಿ. ರೊಟ್ಟಿ ತಡಾ ಆತು ಅಂತ ಒದರೋ ಗಿರಾಕಿ ಕೈಗೆ ಅದನ್ನ ಕೊಟ್ಟು, "ಅಲ್ಲೀತನಕ ಇದನ್ನ ಜಗ್ರಿ, ಸಾವಕಾಶ," ಅಂತೇನಿ.